ಹನ್ನೊಂದನೇ ಟ್ರ್ಯಾಕ್

ನಾಯಕ ಓಡುವ ಕಾಡು ಕಾರ್ಕಳದ್ದು.
ನಿರ್ದೇಶಕರಿಗೆ ಮಾತ್ರ ಆಫ್ರಿಕಾ ಬೇಕು,
ನಲವತ್ತು ಸೆಕೆಂಡು, ಸ್ವಲ್ಪ ಹೆದರಿಕೆ ಬರುವ ಹಾಗೆ.

ಕಂಪ್ಯೂಟರಿನಲ್ಲಿ ಉಂಟು ಮಾರಾಯ್ರೆ, ಎಲ್ಲ ಉಂಟು:
ಡ್ರಮ್ಮು, ಕೂಗು, ಒಣಹುಲ್ಲಿನ ಗಾಳಿ.
ಒಂದರ ಮೇಲೊಂದು ಹೇರಿದೆ.

ಬುತ್ತಿ ತಂದ ಸೆವ್ರಿನ್ ಮಾವ್ಶಿ,
ಟಾಂಗಾದಲ್ಲಿ ಹುಟ್ಟಿದವಳು,
ಬಾಗಿಲಲ್ಲೇ ನಿಂತು ಕೇಳಿದಳು:
"ಯಾರು ಸತ್ತದ್ದು?"

ಆಮೇಲೆ ಕ್ಯಾರಿಯರಿನ ಮುಚ್ಚಳದ ಮೇಲೆ
ಬೆರಳ ಗೆಣ್ಣಿನಿಂದ ಎರಡು,
ಅದರ ಸಂದಿಯಲ್ಲಿ ಮೂರು.
ಪಕ್ಕದ ಮನೆಯ ಮ್ವನೈದಿ ಮತ್ತವಳ ಅತ್ತಿಗೆ
ಒಂದೇ ಒರಳಲ್ಲಿ ಮೆಕ್ಕೆಜೋಳ ಕುಟ್ಟುತ್ತಿದ್ದದ್ದು,
ಬೆಳಿಗ್ಗೆ, ನಗುತ್ತ, ಚಾಡಿ ಹೇಳುತ್ತ,
ತಲೆ ಮೇಲೆ ನಮ್ಮ ಜಪ್ಪಿನದೇ ಹಂಚು.
ಒನಕೆಗೆ ಒನಕೆ ಒಮ್ಮೆಯೂ ತಾಗಲಿಲ್ಲವಂತೆ.

ಮೈಕ್ ಇಟ್ಟೆ.
ಎಪ್ಪತ್ತೊಂಬತ್ತರ ಬೆರಳು, ನಡುವೆ ತಪ್ಪಿತು.
ತಪ್ಪಿದ್ದನ್ನೂ ಇಟ್ಟುಕೊಂಡೆ.

ನಿರ್ದೇಶಕರು ಕೇಳಿ ಅಂದರು:
ಚೆನ್ನಾಗಿದೆ, ಆದರೆ ಇದರಲ್ಲಿ ಆಫ್ರಿಕಾ ಎಲ್ಲಿ?

ಸಂಜೆ ಹಳೆಯ ಫೈಲೇ ಹೋಯಿತು.
ಹನ್ನೊಂದನೇ ಟ್ರ್ಯಾಕಿನಲ್ಲಿ, ಎಲ್ಲದರ ಅಡಿಗೆ,
ಯಾರಿಗೂ ಕೇಳದಷ್ಟು ಸಣ್ಣಗೆ, ಆ ಮುಚ್ಚಳ.

ಓಡುವವನ ಕಾಲು, ಎಂತದೋ,
ಸರಿಯಾಗಿ ಅದಕ್ಕೇ ಬೀಳುತ್ತದೆ.