ಹದಿನೇಳನೆಯ ತಟ್ಟೆ

ಪಡುವಾರಹಳ್ಳಿಯಿಂದ ಗಂಗೋತ್ರಿಗೆ
ಕೆರೆಯ ಪಕ್ಕ ಹಾದರೆ ಇಪ್ಪತ್ತು ನಿಮಿಷ.
ಅಷ್ಟರಲ್ಲಿ ನಾಲ್ಕು ಸಲ ನಿಲ್ಲುತ್ತೇನೆ
ಹಕ್ಕಿ ನೋಡುವವಳ ಹಾಗೆ,
ಲಾಡಿಯ ಕೆಳಗೆ ಒಂದು ಬೆರಳು ತೂರಿಸಲು.

ನನ್ನ ಕೆಲಸ ತಟ್ಟೆ ತೊಳೆಯುವುದು.
ಉಂಡ ತಟ್ಟೆಯಲ್ಲ, ಗಾಜಿನದು, ಅಂಗೈಯಗಲ,
ಮುಚ್ಚಳದ ಮೇಲೆ ನೀಲಿ ಪೆನ್ನಿನ ನಂಬರು.
ಒಳಗೆ ಹತ್ತಿ ಹಿಂಜಿದಂತೆ ಬೂಷ್ಟು.
ದೊಡ್ಡ ಕುಕ್ಕರಿನಲ್ಲಿ ಮೊದಲು ಬೇಯಿಸಿ ಕೊಲ್ಲಬೇಕು,
ಸೋಪು ಆಮೇಲೆ.
ಹನ್ನೊಂದು ವರ್ಷ ಕೊಂದಿದ್ದೇನೆ,
ಇದು ಮೈಮೇಲೂ ಏಳುತ್ತದೆಂದು ಒಂದು ದಿನವೂ ಹೊಳೆಯಲಿಲ್ಲ.

ಹುಳುಕಡ್ಡಿ, ಅಂದಳು ಅತ್ತೆ ದ್ಯಾವಮ್ಮ.
ತಗಚೆ ಬೀಜ ಹುಳಿಮಜ್ಜಿಗೆಯಲ್ಲಿ ಅರೆದು ಹಚ್ಚು, ಅಂದಳು.
ಹಚ್ಚಲಿಲ್ಲ. ಲ್ಯಾಬಿನವಳಲ್ಲವೇ ನಾನು!
ಮೆಡಿಕಲ್ ಸ್ಟೋರಿನ ಹುಡುಗನಿಗೆ ಜಾಗ ಹೇಳದೆ
‘ಕಡಿತಕ್ಕೆ’ ಅಂದೆ.
ಅವನೂ ಕೇಳದೆ ಟ್ಯೂಬು ಕೊಟ್ಟ.
ಮೂರು ದಿನಕ್ಕೆ ಮಾಯ.
ಟ್ಯೂಬು ಖಾಲಿಯಾದ ವಾರಕ್ಕೆ ಬಂತು ನೋಡಿ,
ಎಂಟಾಣೆಯಷ್ಟಿದ್ದದ್ದು ರೊಟ್ಟಿಯಷ್ಟಾಗಿ,
ಅಂಚು ಕೆಂಪು, ನಡುವೆ ಬಯಲು,
ಕಾದ ಬಳೆ ಒತ್ತಿದ ಹಾಗೆ.

ಮಧುಮಾಲ ಮಳವಳ್ಳಿ ಕಡೆಯ ಹುಡುಗಿ.
ಅವಳ ಪಿಎಚ್‌ಡಿ ತಗಚೆಯ ಮೇಲೆಯೇ.
(ನಗು ಬಂತು. ಅತ್ತೆಗೆ ಹೇಳಲಿಲ್ಲ.)
ಹಳೇ ಪೇಪರಿನ ಮೇಲೆ ಸೊಪ್ಪು ಹರವುತ್ತಾ ಹೇಳುತ್ತಿದ್ದಳು:
‘ನೆರಳಲ್ಲೇ ಒಣಗಬೇಕಕ್ಕ,
ಬಿಸಿಲು ತಾಗಿದರೆ ಸತ್ವ ಹೋಗುತ್ತೆ.’
ಆಮೇಲೆ ಪುಡಿ. ಘಾಟು ನೀರಿನಲ್ಲಿ ಮೂರು ರಾತ್ರಿ.
ಒಂದು ಮೂಟೆ ಸೊಪ್ಪಿಗೆ ಕೊನೆಗೆ ಉಳಿಯುವುದು
ತಳ ಹಿಡಿದ ಬೆಲ್ಲದಂಥ ಒಂದಿಷ್ಟು ಕರಿ ಅಂಟು.

ಸಿಂಕಿನ ಹತ್ತಿರ ಒಂದು ಮಧ್ಯಾಹ್ನ
ಕೆರೆದುಕೊಳ್ಳುವಾಗ ಸಿಕ್ಕಿಬಿದ್ದೆ.
ಚಿಲಕ ಹಾಕಿ ತೋರಿಸಿದೆ.
ಗಂಡನಿಗೂ ತೋರಿಸಿರಲಿಲ್ಲ ಬೆಳಕಿನಲ್ಲಿ.
ಬ್ಲೇಡಿನ ಮೊಂಡು ಬದಿಯಿಂದ ಅಂಚು ಕೆರೆದಳು,
ತೌಡಿನಂತೆ ಉದುರಿತು.
ಒಂದು ಕಾಗದಕ್ಕೆ ನನ್ನ ಸಹಿ.
ಮುಚ್ಚಳದ ಮೇಲೆ ಹೆಸರು ಬರೆಯಲಿಲ್ಲ,
ಹದಿನೇಳು, ಅಂತ ಬರೆದಳು.

ಹತ್ತು ದಿನ ತಟ್ಟೆಯಲ್ಲಿ ಬೆಳೆದೆ.
ಗುಡಿಸುವ ನೆಪದಲ್ಲಿ ಹೋಗಿ ಹೋಗಿ ನೋಡಿದೆ,
ಬೆಳ್ಳಗೆ, ಮೆತ್ತಗೆ, ನಾಚಿಕೆಯೇ ಇಲ್ಲದೆ.
ನಡುವೆ ತಗಚೆ ರಸ ಕುಡಿದ ಕಾಗದದ ಬಿಲ್ಲೆ,
ಅದರ ಸುತ್ತ ಖಾಲಿ.
ಬೂಷ್ಟು ಅಲ್ಲಿಗೆ ಬಂದು ನಿಂತುಬಿಟ್ಟಿತ್ತು
ಅರಿಶಿನದ ಗೆರೆಗೆ ಬಂದು ನಿಂತ ಇರುವೆಗಳಂತೆ.

ಸ್ಕೇಲಿಟ್ಟು ಅಳೆದಳು. ಹದಿನಾಲ್ಕು ಮಿಲಿಮೀಟರು.
‘ಹಚ್ಚಿಕೊಳ್ಳಲೇ?’ ಅಂದೆ.
ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು.
‘ಬೇಡ. ಇದು ತಟ್ಟೆಯಲ್ಲಿ ಗೆದ್ದದ್ದಕ್ಕ.
ತಟ್ಟೆಗೆ ಬೆವರಿಲ್ಲ. ಲಾಡಿಯಿಲ್ಲ.
ಮೊದಲು ಕೆ.ಆರ್. ಆಸ್ಪತ್ರೆಗೆ ಹೋಗಿ.
ಅಂದಹಾಗೆ, ಲಂಗ ಎಲ್ಲಿ ಒಣಗಿಸ್ತೀರಿ?’

ಬಚ್ಚಲ ಬಾಗಿಲ ಹಿಂದೆ.
ಸೀರೆಯ ಅಡಿ, ಟವೆಲಿನ ಮರೆ,
ಯಾರ ಕಣ್ಣಿಗೂ ಬೀಳದ ಹಾಗೆ.
ಅಮ್ಮನೂ ಹಾಗೆಯೇ, ಅವಳಮ್ಮನೂ.
ಉಡುವಾಗ ಇನ್ನೂ ತಣ್ಣಗಿರುತ್ತಿತ್ತು,
ಅದು ತೇವ ಎಂದು ಯಾರೂ ಕರೆದಿರಲಿಲ್ಲ.

ಚರ್ಮದ ಡಾಕ್ಟರು ಆರು ವಾರದ ಮಾತ್ರೆ ಬರೆದರು.
ನುಂಗುತ್ತಿದ್ದೇನೆ.
ಹದಿನೇಳನ್ನು ನಾನೇ ಬೇಯಿಸಿದೆ, ನಾನೇ ತೊಳೆದೆ,
ಉಳಿದ ತಟ್ಟೆಗಳಿಗಿಂತ ಒಂದು ಕೈ ಹೆಚ್ಚೇ ಉಜ್ಜಿದೆ.

ಭಾನುವಾರ ತಾರಸಿಯ ಹಗ್ಗಕ್ಕೆ
ಗಂಡನ ಪಂಚೆಯ ಪಕ್ಕ ಲಂಗ ಹಾಕಿದೆ,
ಲಾಡಿ ಹೊರಮುಖವಾಗಿ, ಹನ್ನೊಂದರ ಉರಿಬಿಸಿಲಿಗೆ.
ಎದುರುಮನೆಯ ಕಿಟಕಿ ತೆರೆಯಿತು. ಮುಚ್ಚಿತು.

ಹಪ್ಪಳ ನೋಡಲು ಬಂದ ಅತ್ತೆ
ನನ್ನ ನೋಡಿದಳು, ಹಗ್ಗ ನೋಡಿದಳು,
ಏನೋ ಅನ್ನುತ್ತಾಳೆಂದು ಕಾದೆ.
ಮಗನ ಪಂಚೆಯನ್ನು ಒಂದು ಗೇಣು ಆಚೆ ಸರಿಸಿ
ಇಳಿದು ಹೋದಳು.
ನೆರಳು ಬೀಳುತ್ತಿತ್ತು.