ಉಳಿದ ನೂರಾ ಹದಿಮೂರು

ಮಧ್ಯಾಹ್ನದ ಮೇಲಿನ ತಾಸು, ಕಲಾದಗಿ ಕಾಲೇಜು.
ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಇಲ್ಲ.
ಬೋರ್ಡಿನ ಮೇಲೆ ಎರಡು ಗೆರೆ, ಕೆಳಗೊಂದು, ಮೇಲೊಂದು.
ಬಾಣ ಮೇಲೇರಿದರೆ ಅಂತರುಷ್ಣಕ,
ಕೆಳಗಿಳಿದರೆ ಬಹಿರುಷ್ಣಕ,
ಬರಕೊಳ್ಳಿ, ಎರಡು ಮಾರ್ಕಿನ ಪ್ರಶ್ನೆ.
(ಕೈಯಲ್ಲಿ ಸೀಮೆಸುಣ್ಣ. ಅದರೊಳಗೆ ಸುಣ್ಣವಿಲ್ಲ,
ಬರೀ ಜಿಪ್ಸಮ್ಮು. ಹೆಸರೊಂದು ಹಿಂದೆ ಉಳಿದಿದೆ.)

ನಿದ್ದೆಗಣ್ಣು ಬಿಡಿಸಲು ಪ್ರತಿ ವರ್ಷ
ನಾನು ಮಡಿಕೆ ತರಿಸುವುದು ಈ ಹೊತ್ತಿಗೇ.
ಸುಟ್ಟ ಸುಣ್ಣದ ಹರಳು ನಾಲ್ಕು,
ಮೇಲೆ ಅರ್ಧ ತಂಬಿಗೆ ನೀರು.
ಮೊದಲು ಏನೂ ಇಲ್ಲ.
ಹಳೆಯ ಮಾತು ನೆನಪಿಸಿಕೊಳ್ಳುವವರ ಹಾಗೆ
ಕಲ್ಲು ಸುಮ್ಮನಿರುತ್ತದೆ.
ಆಮೇಲೆ ಚುಂಯ್.
ಬಿರಿದು, ಉಬ್ಬಿ, ಹಿಟ್ಟಾಗಿ ಕುದಿಯುತ್ತದೆ
ಕೆಳಗೆ ಒಲೆಯಿಲ್ಲದೆ.
ಹಿಂದಿನ ಬೆಂಚಿನವರೂ ಎದ್ದು ಬಂದು
ಮಡಿಕೆ ಮುಟ್ಟಿ ಕೈ ಕೊಡವುತ್ತಾರೆ.

ಕಸ್ತೂರಿ ಸುಣಗಾರ ಏಳಲಿಲ್ಲ.
ಅವಳಿಗೆ ಇದು ಮನೆಯ ಅಡುಗೆ.
ಲೋಕಾಪುರದ ಹಾದಿಯಲ್ಲಿ ಅವಳಜ್ಜಿ ಹುಲಿಗೆವ್ವನ ಬಟ್ಟಿ:
ಒಂದು ಪದರು ಕಲ್ಲು, ಒಂದು ಪದರು ಇದ್ದಿಲು,
ಮತ್ತೆ ಕಲ್ಲು, ಮತ್ತೆ ಇದ್ದಿಲು,
ಎರಡು ರಾತ್ರಿ ಕಣ್ಣು ಮುಚ್ಚದ ಕೆಂಪು.
"ಉಂಡವ್ರು ಭಾರ ಆಗಬೇಕು,
ಬೆಂಕಿ ಉಂಡ ಕಲ್ಲು ಹಗುರ ಯಾಕ್ ಆಗತೈತ್ರಿ ಮೇಡಂ?"
ಎಂದು ಕೇಳಿದ್ದಳು ಜುಲೈ ತಿಂಗಳಲ್ಲಿ.
ಉಸಿರು ಬಿಡುತ್ತದಲ್ಲ, ಎಂದಿದ್ದೆ,
ನೂರು ಗ್ರಾಮಿಗೆ ನಲವತ್ತನಾಲ್ಕು.
ಅಂದಿನಿಂದ ಅವಳು ನನ್ನ ಲೆಕ್ಕವನ್ನೆಲ್ಲ ತೂಗಿ ನೋಡುತ್ತಾಳೆ.

ಇವತ್ತೂ ನಿಂತಳು.
"ಬಟ್ಟಿಯೊಳಗ ಕಲ್ಲು ಉಂಡದ್ದು ನೂರಾ ಎಪ್ಪತ್ತೆಂಟು.
ನೀರು ಬಿದ್ದಾಗ ಕೊಟ್ಟದ್ದು ಅರವತ್ತೈದು.
ಉಳಿದದ್ದು ಎಲ್ಲಿ ಹೋತ್ರಿ?"

ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ
ಯಾರೂ ಹೀಗೆ ಕೇಳಿರಲಿಲ್ಲ,
ಕಿಲೋಜೂಲಿಗೆ ಸಂತೆಯ ತಕ್ಕಡಿ ಹಿಡಿದು.
ಶಕ್ತಿ ಕಳೆದುಹೋಗುವುದಿಲ್ಲ, ಎಂದೆ.
"ಹಂಗಾದ್ರ ಎಲ್ಲೈತಿ?"

ಗೋಡೆಯತ್ತ ತಿರುಗಿದೆ.
ಹೋದ ದೀಪಾವಳಿಗೆ ಬಳಿದ ಸುಣ್ಣ,
ಹುಲಿಗೆವ್ವನ ಬಟ್ಟಿಯದೇ.
ಒಣಗಿತು ಎಂದು ನಾವು ಕುರ್ಚಿ ಒಳಗಿಟ್ಟ ದಿನ
ಅದರ ಕೆಲಸ ಶುರುವಾಗಿತ್ತಷ್ಟೆ.
ನೀವು ಬಿಟ್ಟ ಉಸಿರನ್ನು,
ಪಾಠ ಒಪ್ಪಿಸಿದ್ದನ್ನು, ಆಕಳಿಸಿದ್ದನ್ನು,
ಚಿಟಿಕೆ ಚಿಟಿಕೆ ಒಳಗೆಳೆದುಕೊಂಡು
ಗೋಡೆ ಮತ್ತೆ ಕಲ್ಲಾಗುತ್ತಿದೆ.
ಕಲ್ಲಾಗುವಾಗಲೆಲ್ಲ ಒಂದಿಷ್ಟು ಶಾಖ ತೀರಿಸುತ್ತಿದೆ,
ತಿಂಗಳುಗಟ್ಟಲೆ,
ಯಾವ ಥರ್ಮಾಮೀಟರೂ ಸಾಕ್ಷಿ ನುಡಿಯದಷ್ಟು ಮೆಲ್ಲಗೆ.
ಒಟ್ಟು ನೂರಾ ಹದಿಮೂರು.
ಕೂಡಿಸಿ ನೋಡು.

ಕೂಡಿಸಿದಳು. ಬೆರಳಿನ ಗೆಣ್ಣಿನ ಮೇಲೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.
ಬಂಧ ಮುರಿದರೆ ಶಕ್ತಿ ಸಿಗುತ್ತದೆ ಎಂದು
ಪ್ರತಿ ವರ್ಷ ಅರ್ಧ ಕ್ಲಾಸು ಬರೆಯುತ್ತದೆ, ಎಂದೆ.
ತಪ್ಪು. ಮುರಿಯುವುದಕ್ಕೆ ಖರ್ಚು,
ಕೂಡುವುದರಿಂದ ಗಳಿಕೆ.
ಮುರಿಯುವ ಸದ್ದಿಗೆ ಮೋಸಹೋಗಬೇಡಿ.
(ನಾನೂ ಒಮ್ಮೆ ಹಾಗೇ ಬರೆದವಳು,
ಪರೀಕ್ಷೆಯಲ್ಲಿ ಅಲ್ಲ.)

"ಲೆಕ್ಕ ಹತ್ತತೈತ್ರಿ," ಎಂದಳು ಕಸ್ತೂರಿ.
"ಆದ್ರ ಇದು ಕಲ್ಲಿನ ಲೆಕ್ಕ.
ಅಜ್ಜಿ ಸುಟ್ಟ ಇದ್ದಿಲು ಇದರ ಮೂರು ಪಟ್ಟು ಐತಿ.
ಅದರದ್ದು?"

ಅದು ಸುತ್ತಲಿನ ಗಾಳಿಗೆ, ಎನ್ನುತ್ತಾ
ಬಾಯಿ ಅಲ್ಲಿಗೇ ನಿಂತಿತು.
ಸುತ್ತಲೂ ಎಂದು ಪುಸ್ತಕ ಕರೆಯುವ ಜಾಗದಲ್ಲಿ
ಒಬ್ಬಳು ಸೆರಗು ಬಾಯಿಗೊತ್ತಿ ಕೂತಿರುತ್ತಾಳೆ,
ಎರಡು ರಾತ್ರಿ, ಕೋಲು ಹಿಡಿದು,
ಹುಬ್ಬಿನ ಕೂದಲು ಎಂದೋ ಸುಟ್ಟವಳು.

ಗಂಟೆ ಹೊಡೆಯಿತು. ಎಲ್ಲರೂ ಬಸ್ಸಿಗೆ ಓಡಿದರು.
ಅವಳು ಹೋಗುವಾಗ ಅಂಗೈಯನ್ನು
ಗೋಡೆಗೆ ಒತ್ತಿ ನೋಡಿದಳು.
"ತಣ್ಣಗೈತ್ರಿ."
ಬೆಳ್ಳಗಾದ ಕೈಯನ್ನು ಒರೆಸಿಕೊಳ್ಳದೆ
ಚೀಲ ಹೆಗಲಿಗೇರಿಸಿದಳು.

ಮಡಿಕೆ ತೊಳೆಯಲು ಎತ್ತಿಕೊಂಡೆ.
ತಳ ಇನ್ನೂ ಬೆಚ್ಚಗಿತ್ತು.