ಹನ್ನೆರಡನೇ ಅಧ್ಯಾಯ

ಜುಮಾನ ಕೆನ್ನೆಯನ್ನು ಕೆಂಪೇರಿಸಲು ಹೋಗಿ
ಪೆನ್ನು ಅಲ್ಲೇ ನಿಂತಿತು.
ಮೂವತ್ತು ವರ್ಷದಿಂದ ಎಷ್ಟು ಕೆನ್ನೆಗಳಿಗೆ
ರಂಗು ಬಳಿದಿದ್ದೇನೋ, ಲೆಕ್ಕವಿಲ್ಲ.
ಅವುಗಳಲ್ಲಿ ಒಂದೂ ನನ್ನ ಕೆನ್ನೆಯಂತಿರಲಿಲ್ಲ
ಎಂದು ಹೊಳೆದದ್ದು ಆವತ್ತೇ.

ದಾರ್-ಎಸ್-ಸಲಾಮಿನಿಂದ ಓದಲು ಬಂದವನು,
ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮುಂದೆ
ಗಂಗರತ್ನಳ ಕಣ್ಣಿಗೆ ಬಿದ್ದವನು.
ನಾಚಿಕೆಗೆ ಚಮಚ ಬೀಳಿಸಲಿ ಎಂದುಕೊಂಡೆ.
ಬೀಳಿಸಿದ.
ಅವಳು ತನ್ನದನ್ನು ಅವನಿಗೆ ಕೊಟ್ಟು
ಕೈಯಲ್ಲೇ ತಿಂದಳು.

ತುಮಕೂರಿನ ಚಿಕ್ಕಪೇಟೆಯಲ್ಲಿ ಪಂಚಾಕ್ಷರಯ್ಯ
ಹಸ್ತಪ್ರತಿಯನ್ನು ಅಂಗೈಯಲ್ಲಿ ತೂಗಿ,
"ಮೇಡಂ, ಹುಡುಗನ್ನ ಮಂಗಳೂರಿನವನು ಮಾಡಿಬಿಡಿ,
ಸಾವಿರ ಪ್ರತಿ ಕಣ್ಮುಚ್ಚಿ ಹಾಕ್ತೀನಿ" ಅಂದರು.
ಮಾಡಲಿಲ್ಲ. ಮುನ್ನೂರು ಹಾಕಿದರು.
ಮುಖಪುಟದ ಹುಡುಗ ಅವನನ್ನು
ಗೋಧಿ ಬಣ್ಣಕ್ಕೆ ತಂದಿಟ್ಟಿದ್ದ;
ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದು ಕೂತು
ಇನ್ನೂ, ಇನ್ನೂ ಸ್ವಲ್ಪ, ಎನ್ನುತ್ತಾ
ಸಂಜೆಯವರೆಗೆ ಕಪ್ಪಾಗಿಸಿದೆ.
ಇಬ್ಬರನ್ನೂ.

ಹನ್ನೆರಡನೇ ಅಧ್ಯಾಯದಲ್ಲಿ ಅವರು
ಬಟವಾಡಿಯಲ್ಲಿ ಬಾಡಿಗೆ ಮನೆ ಹುಡುಕುತ್ತಾರೆ.
ಏಳು ಬಾಗಿಲು.
ಟು-ಲೆಟ್ ಬೋರ್ಡು ಅವರೆದುರೇ ಒಳಗೆ ಹೋಗುತ್ತದೆ.
ನನಗೂ ದಾರಿ ತೋಚದೆ
ಬಸ್ ಸ್ಟಾಂಡಿನ ಬೆಂಚಿನ ಮೇಲೆ ಅವರನ್ನು ಕೂರಿಸಿ
ಕಾದಂಬರಿ ಮುಗಿಸಿದ್ದೆ.

ಮಾರಾಟವಾಗದವು ಮಂಚದ ಕೆಳಗಿವೆ.
ನಿನ್ನೆ ಶಿರಾದಿಂದ ಒಂದು ಕಾರ್ಡು,
ಪುಟ್ಟತಾಯಮ್ಮ ಎಂಬುವರದು.
ಕತೆ ಹೇಗಿದೆ ಎಂದು ಒಂದಕ್ಷರವಿಲ್ಲ.
"ನಮ್ಮ ಮಹಡಿ ಮನೆ ಖಾಲಿ ಇದೆ.
ನೀರು ದಿನ ಬಿಟ್ಟು ದಿನ ಬರುತ್ತೆ.
ಅವರಿಗೆ ಹೇಳಿ."